ಹುಲ್ಲುಕಡ್ಡಿ ತೂಕದ ದೊಡ್ಡ ಬಾಕ್ಸರ್

ಬಾಕ್ಸಿಂಗ್ ಅಂದ ಕೂಡಲೇ ನಮಗೆ ಯಾರು ನೆನಪಾಗ್ತಾರೆ? ಮೊಹಮ್ಮದ್ ಅಲಿ, ಮೈಕ್ ಟೈಸನ್. ಸ್ವಲ್ಪ ಹೆಚ್ಚು ನೋಡುವವರಿಗೆ ಮ್ಯಾನಿ ಪ್ಯಾಕಿಯಾವ್. ಭಾರತದ ಮಟ್ಟಿಗೆ ಮೇರಿ ಕೋಮ್. ಇವರೆಲ್ಲರ ಬಗ್ಗೆ ಸಿನಿಮಾ ಬಂದಿದೆ, ಪುಸ್ತಕ ಬಂದಿದೆ, ರೀಲ್ಸ್ ಅಂತೂ ಲೆಕ್ಕವಿಲ್ಲದಷ್ಟು ಬಂದಿವೆ. ಈ ಸಲ ನಾವು ಹೇಳ ಹೊರಟಿರುವ ಬಾಕ್ಸರ್ ಬಗ್ಗೆ ಇದ್ಯಾವುದೂ ನಮ್ಮ ಕಡೆಗೆ ತಲುಪಿಲ್ಲ. ಹೆಸರು ಡಾನಿ ನಿಯೆಟೆಸ್, ದೇಶ ಫಿಲಿಪ್ಪೀನ್ಸ್. (ನಮ್ಮ ರಾಂಚಿಯ ಧೋನಿ ಬೇರೆ, ಈ ಡಾನಿ ಬೇರೆ. ತಲೆ ತಣ್ಣಗಿಟ್ಟುಕೊಳ್ಳೋ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಪೈಕಿ.)

ನಿಯೆಟೆಸ್ ಮೊದಲ ಸಲ ವಿಶ್ವ ಚಾಂಪಿಯನ್ ಆದಾಗ ಅವರು ಮೀರಬಾರದಿದ್ದ ತೂಕ 47.6 ಕೆಜಿ. ಹಾಸ್ಟೆಲ್‌ನಲ್ಲಿ "ಜೋರಾಗಿ ಗಾಳಿ ಬಂದ್ರೆ ಹಾರಿ ಹೋಗ್ತೀಯ ಮಗಾ" ಅಂತ ರೇಗಿಸಿಕೊಳ್ಳುವ ಹುಡುಗರ ತೂಕ ಅದು. ಆದರೆ ಆ ಮನುಷ್ಯ 2004ರಲ್ಲಿ ಒಂದು ಪಂದ್ಯ ಸೋತರೆ, ಮತ್ತೆ ಸೋತದ್ದು 2022ರಲ್ಲಿ. ನಡುವಿನ ಹದಿನೇಳೂ ಚಿಲ್ಲರೆ ವರ್ಷಗಳಲ್ಲಿ ನಾಲ್ಕು ಬೇರೆ ಬೇರೆ ತೂಕಗಳಲ್ಲಿ ವಿಶ್ವ ಪಟ್ಟ ಗೆದ್ದರು. ಫಿಲಿಪ್ಪೀನ್ಸ್‌ನಿಂದ ನಾಲ್ಕು ತೂಕ ಗೆದ್ದವರಲ್ಲಿ ಇವರಿಗಿಂತ ಮೊದಲಿನವರು ಇಬ್ಬರೇ: ಪ್ಯಾಕಿಯಾವ್ ಮತ್ತು ನೊನಿಟೊ ಡೊನೇರ್. ಇಷ್ಟೆಲ್ಲ ಮಾಡಿದವರ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಯಾಕೆ ಕೇಳಿಲ್ಲ ಅನ್ನೋದಕ್ಕೆ ಉತ್ತರ ಅವರ ತೂಕದಲ್ಲೇ ಇದೆ. ಅದಕ್ಕೇ ಮೊದಲು ತೂಕದ ಲೆಕ್ಕ ನೋಡೋಣ, ಆಮೇಲೆ ಮನುಷ್ಯನ ಕಥೆ.

ಮೂರು ಪೌಂಡ್ ಅಂದ್ರೆ ಎಷ್ಟು?

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಬಹುಕಾಲದಿಂದ ಇರುವ ತೂಕದ ವಿಭಾಗಗಳು 17. ಎಲ್ಲಕ್ಕಿಂತ ಮೇಲಿನದು ಹೆವಿವೇಟ್: 200 ಪೌಂಡ್, ಅಂದರೆ 90.7 ಕೆಜಿ ದಾಟಿದವರೆಲ್ಲ ಅಲ್ಲಿಗೆ. ಮೇಲ್ಮಿತಿ ಇಲ್ಲ. ಎಲ್ಲಕ್ಕಿಂತ ಕೆಳಗಿನ ನಾಲ್ಕು ಮೆಟ್ಟಿಲುಗಳು ಹೀಗಿವೆ: ಮಿನಿಮಮ್‌ವೇಟ್ 105 ಪೌಂಡ್ (47.6 ಕೆಜಿ), ಲೈಟ್ ಫ್ಲೈವೇಟ್ 108 (49 ಕೆಜಿ), ಫ್ಲೈವೇಟ್ 112 (50.8 ಕೆಜಿ), ಸೂಪರ್ ಫ್ಲೈವೇಟ್ 115 (52.2 ಕೆಜಿ). ಮಿನಿಮಮ್‌ವೇಟ್‌ಗೆ ಸ್ಟ್ರಾವೇಟ್ ಅಂತ ಇನ್ನೊಂದು ಹೆಸರೂ ಇದೆ. ಕನ್ನಡದಲ್ಲಿ ಹೇಳೋದಾದರೆ ಹುಲ್ಲುಕಡ್ಡಿ ತೂಕ. ಅದರ ಮೇಲಿನದು ನೊಣದ ತೂಕ. ಹೆಸರಿಡುವಾಗಲೇ ಗೌರವ ಅಷ್ಟಕ್ಕಷ್ಟೆ!

ಬಹಳ ವರ್ಷ ನೊಣದ ತೂಕವೇ ಕಟ್ಟಕಡೆಯದಾಗಿತ್ತು. ಲೈಟ್ ಫ್ಲೈವೇಟ್‌ಗೆ ವಿಶ್ವ ಪಟ್ಟ ಬಂದದ್ದು 1975ರಲ್ಲಿ, ಮಿನಿಮಮ್‌ವೇಟ್‌ಗೆ 1987ರಲ್ಲಿ. ನಿಯೆಟೆಸ್ ಹುಟ್ಟಿದ್ದು 1982ರ ಮೇ 12ರಂದು. ಅಂದರೆ ಅವರು ಮುಂದೆ ಗೆಲ್ಲಬೇಕಿದ್ದ ವಿಭಾಗ ಹುಟ್ಟಿದಾಗ ಅವರು ಐದು ವರ್ಷದ ಹುಡುಗ.

ಈ ಮೆಟ್ಟಿಲುಗಳ ನಡುವೆ ಇರೋದು ಮೂರು ನಾಲ್ಕು ಪೌಂಡ್ ಮಾತ್ರ. ಮೂರು ಪೌಂಡ್ ಅಂದರೆ 1.36 ಕೆಜಿ, ನಮ್ಮ ಬ್ಯಾಗಿನಲ್ಲಿರೋ ಲ್ಯಾಪ್‌ಟಾಪ್‌ಗಿಂತ ಕಮ್ಮಿ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಇಲ್ಲಿ ನೋಡಬೇಕಾದ್ದು ಕಿಲೋ ಅಲ್ಲ, ಶೇಕಡಾವಾರು. 105 ಪೌಂಡ್ ಮನುಷ್ಯನಿಗೆ 3 ಪೌಂಡ್ ಅಂದರೆ ಸುಮಾರು ಶೇ. 3. ನಿಯೆಟೆಸ್ 105ರಿಂದ 115ಕ್ಕೆ ಏರಿದ ಒಟ್ಟು ಏರಿಕೆ ಶೇ. 9.5. ಇದೇ ಪ್ರಮಾಣದಲ್ಲಿ 90 ಕೆಜಿಯವನು ಏರಬೇಕಾದರೆ ಎಂಟೂವರೆ ಕಿಲೋ ಹೆಚ್ಚಿಸಿಕೊಳ್ಳಬೇಕು. ಬರೀ ತಿಂದು ಹೆಚ್ಚಿಸಿಕೊಂಡರೆ ವೇಗ ಹೋಗುತ್ತೆ. ಹೆಚ್ಚಿಸಿಕೊಳ್ಳದೇ ಹೋದರೆ ಎದುರಿಗಿರುವವನು ಹುಟ್ಟಿನಿಂದಲೇ ತನಗಿಂತ ದೊಡ್ಡವನು.

ತೂಕ ಇಳಿಸೋ ಕಷ್ಟವಂತೂ ಬೇರೆಯೇ. ವೃತ್ತಿಪರ ಪಂದ್ಯಗಳಲ್ಲಿ ಸಾಮಾನ್ಯವಾಗಿ ಹಿಂದಿನ ದಿನ ತೂಕ ಹಾಕುತ್ತಾರೆ. ಬಾಕ್ಸರ್‌ಗಳು ತಕ್ಕಡಿಗೆ ಮೊದಲು ದೇಹದ ನೀರು ಇಳಿಸಿಕೊಂಡು, ತಕ್ಕಡಿಯಿಂದ ಇಳಿದ ಮೇಲೆ ಮತ್ತೆ ತುಂಬಿಕೊಳ್ಳುತ್ತಾರೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, 47.6 ಕಿಲೋ ದೇಹದಲ್ಲಿ ಅದು ಶೇ. 2ಕ್ಕೂ ಹೆಚ್ಚು. ಹೆವಿವೇಟ್‌ನವನಿಗೆ ಮೇಲ್ಮಿತಿಯೇ ಇಲ್ಲದ್ದರಿಂದ ಈ ತಲೆನೋವೇ ಇಲ್ಲ. ಚಿಕ್ಕವನಿಗೆ ಇಳಿಸೋಕೆ ದೇಹದಲ್ಲಿ ಇರೋದೇ ಕಮ್ಮಿ. ನೀರು ಬತ್ತಿದ ದೇಹಕ್ಕೆ ತಲೆಯ ಮೇಲೆ ಬೀಳುವ ಏಟು ಹೆಚ್ಚು ಅಪಾಯ ಅಂತ ವೈದ್ಯರು ಎಚ್ಚರಿಸುತ್ತಲೇ ಇರುತ್ತಾರೆ.

ತಕ್ಕಡಿ ಎಷ್ಟು ನಿರ್ದಯಿ ಅನ್ನೋದು ನಮಗೆ ಈಗ ಚೆನ್ನಾಗಿ ಗೊತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಫೈನಲ್ ತಲುಪಿಯೂ 100 ಗ್ರಾಂ ಹೆಚ್ಚಿಗೆ ಬಂದು ಅನರ್ಹರಾದ ಬೆಳಿಗ್ಗೆ ಇಡೀ ದೇಶ ತೂಕದ ಬಗ್ಗೆ ಮಾತಾಡಿತ್ತು. ಅದು ಕುಸ್ತಿ, ನಿಯಮಗಳು ಬೇರೆ, ಆದರೆ ಕಷ್ಟ ಒಂದೇ. ಪ್ಯಾಕಿಯಾವ್‌ಗೂ ಇದು ಆಗಿದೆ. 1998ರಲ್ಲಿ ಥಾಯ್ಲೆಂಡ್‌ನಲ್ಲಿ ಚಟ್ಚಾಯ್ ಸಸಾಕುಲ್ ಅವರನ್ನು ಕೆಡವಿ ಫ್ಲೈವೇಟ್ ಚಾಂಪಿಯನ್ ಆದ ಪ್ಯಾಕಿಯಾವ್, 1999ರಲ್ಲಿ ಅದೇ ದೇಶದಲ್ಲಿ ತೂಕದ ಮಿತಿಗೆ ಇಳಿಯಲಾಗದೆ ಪಟ್ಟವನ್ನು ತಕ್ಕಡಿ ಮೇಲೇ ಕಳೆದುಕೊಂಡರು. ಮರುದಿನ ರಿಂಗ್‌ನಲ್ಲಿ ಮೂರನೇ ಸುತ್ತಿಗೆ ಬಿದ್ದರು. ಆಮೇಲೆ ಅವರು ಮೇಲಿನ ತೂಕಗಳಿಗೆ ಹೋದರು, ಹೆಸರು ಹಣ ಎರಡೂ ಅಲ್ಲೇ ಸಿಕ್ಕಿತು. ನಿಯೆಟೆಸ್ ಮಾತ್ರ ಕೆಳಗಿನ ಮೆಟ್ಟಿಲುಗಳಲ್ಲೇ ಇಡೀ ಜೀವನ ಕಳೆದರು.

ಚಿಕ್ಕವರ ಆಟ ಯಾಕೆ ಚೆಂದ?

ಫಸ್ಟ್ ಇಯರ್‌ನಲ್ಲಿ ಓದಿದ್ದು ನೆನಪಿಸಿಕೊಳ್ಳಿ. ಒಂದು ವಸ್ತುವಿನ ಎಲ್ಲ ಅಳತೆಗಳನ್ನು ಎರಡು ಪಟ್ಟು ಮಾಡಿದರೆ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತೆ, ತೂಕ ಎಂಟು ಪಟ್ಟಾಗುತ್ತೆ. ಸ್ನಾಯುವಿನ ಬಲ ಹೆಚ್ಚುಕಮ್ಮಿ ಅದರ ಅಡ್ಡಕೊಯ್ತವನ್ನು ಅವಲಂಬಿಸಿರುತ್ತೆ. ಹಾಗಾಗಿ ದೇಹ ಚಿಕ್ಕದಾದಷ್ಟೂ ತನ್ನ ತೂಕಕ್ಕೆ ಹೋಲಿಸಿದರೆ ಬಲ ಜಾಸ್ತಿ. ಇರುವೆ ತನಗಿಂತ ಭಾರದ ಕಾಳು ಹೊರುತ್ತೆ, ಆನೆಗೆ ಆಗಲ್ಲ. ಇದೇ ಲೆಕ್ಕ ರಿಂಗ್‌ನಲ್ಲೂ ಕಾಣುತ್ತೆ. ಚಿಕ್ಕ ತೂಕದವರು ಹನ್ನೆರಡು ಸುತ್ತು, ಅಂದರೆ 36 ನಿಮಿಷ, ಕೈ ನಿಲ್ಲಿಸದೆ ಹೊಡೆಯಬಲ್ಲರು, ಕಾಲು ನಿಲ್ಲಿಸದೆ ಓಡಾಡಬಲ್ಲರು.

ಇನ್ನೊಂದು ಕಡೆ, ಒಂದೇ ಹೊಡೆತಕ್ಕೆ ಎದುರಾಳಿಯನ್ನು ಮಲಗಿಸುವ ದ್ರವ್ಯರಾಶಿ ಅವರ ಹತ್ತಿರ ಇಲ್ಲ. ಹೆವಿವೇಟ್‌ನಲ್ಲಿ ಹನ್ನೊಂದು ಸುತ್ತು ಸೋತವನೂ ಹನ್ನೆರಡನೇ ಸುತ್ತಿನಲ್ಲಿ ಒಂದು ಏಟಿಗೆ ಎಲ್ಲವನ್ನೂ ತಿರುಗಿಸಬಹುದು. ಇಲ್ಲಿ ಆ ಲಾಟರಿ ಕಡಿಮೆ. ತಪ್ಪು ಮಾಡಿದರೆ ಸುತ್ತುಸುತ್ತಿಗೂ ಅಂಕ ಹೋಗುತ್ತಾ ಇರುತ್ತೆ, ಕೊನೆಯಲ್ಲಿ ಸರಿಮಾಡಿಕೊಳ್ಳೋಕೆ ಶಾರ್ಟ್‌ಕಟ್ ಇಲ್ಲ. ಇಡೀ ಸೆಮಿಸ್ಟರ್ ಓದಬೇಕು, ಹಿಂದಿನ ರಾತ್ರಿ ಓದಿ ಪಾಸಾಗೋ ಪೇಪರ್ ಅಲ್ಲ ಇದು.

ದುರಾದೃಷ್ಟ ಅಂದರೆ ಟಿವಿ ನೋಡೋ ಜನಕ್ಕೆ ಬೇಕಾದದ್ದು ಆ ಲಾಟರಿಯೇ. ನಾಕೌಟ್ ಇದ್ದಲ್ಲಿ ಜಾಹೀರಾತು, ಜಾಹೀರಾತು ಇದ್ದಲ್ಲಿ ಹಣ. ಅದಕ್ಕೇ ಒಳ್ಳೆಯ ಚಿಕ್ಕ ಬಾಕ್ಸರ್‌ಗಳು ಫಿಲಿಪ್ಪೀನ್ಸ್, ಜಪಾನ್, ಥಾಯ್ಲೆಂಡ್, ಮೆಕ್ಸಿಕೋಗಳಲ್ಲಿ ಹೆಸರಾಗಿದ್ದರೂ ಅಮೆರಿಕದ ಟಿವಿಗೆ ಕಾಣಿಸಿದ್ದು ಕಮ್ಮಿ.

ಕಬ್ಬಿನ ನೆಲದಿಂದ

ನಿಯೆಟೆಸ್ ಹುಟ್ಟಿದ್ದು ನೀಗ್ರೋಸ್ ದ್ವೀಪದ ಪಶ್ಚಿಮ ಭಾಗದಲ್ಲಿರುವ ನೀಗ್ರೋಸ್ ಆಕ್ಸಿಡೆಂಟಲ್ ಪ್ರಾಂತ್ಯದ ಮುರ್ಸಿಯಾ ಎಂಬ ಊರಲ್ಲಿ. ಪ್ರಾಂತ್ಯದ ರಾಜಧಾನಿ ಬಕೋಲೋಡ್ ಅದಕ್ಕೆ ಹತ್ತಿರ. ಈ ಪ್ರಾಂತ್ಯವನ್ನು ಫಿಲಿಪ್ಪೀನ್ಸ್‌ನ ಸಕ್ಕರೆ ಕಣಜ ಅಂತಾರೆ. ಭೂಮಿ ಕೆಲವೇ ದೊಡ್ಡ ಒಡೆಯರದ್ದು, ದುಡಿಯುವವರು ಕೂಲಿಗಳು. 1980ರ ದಶಕದ ನಡುವಿನಲ್ಲಿ ಸಕ್ಕರೆ ಬೆಲೆ ನೆಲಕ್ಕೆ ಬಿದ್ದಾಗ ಇಲ್ಲಿ ಕೂಲಿ ನಿಂತುಹೋಗಿ ಮಕ್ಕಳು ಹಸಿವಿನಿಂದ ಒದ್ದಾಡಿದರು. ಆ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಿಯೆಟೆಸ್ ಆಗ ಇನ್ನೂ ಪುಟ್ಟ ಮಗು.

ಅದೇ ನೆಲ ಬಾಕ್ಸರ್‌ಗಳನ್ನೂ ಬೆಳೆದಿದೆ. ಏಷ್ಯಾದ ಮೊದಲ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಬಂದದ್ದು ಈ ಪ್ರಾಂತ್ಯದ ಇಲೋಗ್ ಎಂಬ ಊರಿನಿಂದ. ಅವನ ಹೆಸರು ಫ್ರಾನ್ಸಿಸ್ಕೊ ಗಿಲ್ಯೆಡೊ, ರಿಂಗ್‌ನಲ್ಲಿ ಪಾಂಚೊ ವಿಲ್ಲಾ. 1923ರ ಜೂನ್ 18ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ವೇಲ್ಸ್‌ನ ಹೆಸರಾಂತ ಜಿಮ್ಮಿ ವೈಲ್ಡ್‌ನನ್ನು ಏಳನೇ ಸುತ್ತಿನಲ್ಲಿ ಕೆಡವಿ ಫ್ಲೈವೇಟ್ ಪಟ್ಟ ಗೆದ್ದ. ಎರಡು ವರ್ಷಕ್ಕೆ, 1925ರ ಜುಲೈನಲ್ಲಿ, ಹಲ್ಲಿನ ಸೋಂಕು ಗಂಟಲಿಗೆ ಹರಡಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. ವಯಸ್ಸು 23. ಪಟ್ಟ ಇನ್ನೂ ಅವನ ಬಳಿಯೇ ಇತ್ತು.

ಇದೇ ಪ್ರಾಂತ್ಯದ ಬಾಗೋದಿಂದ ಬಂದ ವೆಲಾಸ್ಕೊ ಸಹೋದರರಲ್ಲಿ ರೋಯೆಲ್ 1992ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು, ತಮ್ಮ ಮನ್ಸುಯೆಟೊ 1996ರಲ್ಲಿ ಬೆಳ್ಳಿ ಗೆದ್ದರು. ಇಬ್ಬರೂ ಲೈಟ್ ಫ್ಲೈವೇಟ್. ಚಿಕ್ಕ ದೇಹ, ಖಾಲಿ ಜೇಬು, ಮುಂದೆ ನಡೆದು ಹೋದ ಹಿರಿಯರ ಹೆಜ್ಜೆ: ಈ ಮೂರೂ ಸೇರಿದ ಕಡೆ ಹುಡುಗರು ಕೈಗೆ ಗ್ಲೌಸ್ ಹಾಕೋದು ಆಶ್ಚರ್ಯವೇನಲ್ಲ.

ಪೊರಕೆ ಹಿಡಿದ ಕೈ

ನಿಯೆಟೆಸ್ ಊರು ಬಿಟ್ಟು ಪಕ್ಕದ ಸೆಬು ದ್ವೀಪಕ್ಕೆ ಬಂದು ಎಎಲ್‌ಎ ಜಿಮ್ ಸೇರಿದರು. ಆಂಟೋನಿಯೊ ಲೋಪೆಜ್ ಅಲ್ಡೆಗೆರ್ ಎಂಬ ಉದ್ಯಮಿ ಕಟ್ಟಿದ ಜಿಮ್ ಅದು, ಹೆಸರಿನ ಮೂರು ಅಕ್ಷರಗಳು ಅವರವೇ. ನಿಯೆಟೆಸ್‌ಗೆ ಅಲ್ಲಿ ಸಿಕ್ಕ ಕೆಲಸ ನೆಲ ಗುಡಿಸಿ ಒರೆಸುವ, ಸಾಮಾನು ಎತ್ತಿಡುವ ಕೆಲಸ. ಮುಂದೆ ದೊಡ್ಡ ಬಾಕ್ಸರ್ ಆಗ್ತಾರೆ ಅಂತ ಕರೆಸಿಕೊಂಡ ಹುಡುಗ ಅಲ್ಲ ಅವರು. ಬೇರೆಯವರು ಬೆವರು ಸುರಿಸಿದ ನೆಲವನ್ನು ಒರೆಸುತ್ತಾ, ಅದೇ ನೆಲದ ಮೇಲೆ ತಾವೂ ಅಭ್ಯಾಸ ಮಾಡುತ್ತಾ 2003ರಲ್ಲಿ ವೃತ್ತಿಪರ ಬಾಕ್ಸರ್ ಆದರು.

ಅವರಿಗೆ ಬಂದ ಅಡ್ಡಹೆಸರು 'ಅಹಾಸ್', ಅವರ ಭಾಷೆಯಲ್ಲಿ ಹಾವು ಅಂತ ಅರ್ಥ. ಆಟಕ್ಕೂ ಹೆಸರು ಒಪ್ಪುತ್ತೆ. ಮೈಮೇಲೆ ಬಿದ್ದು ಹೊಡೆಯೋ ಶೈಲಿ ಅಲ್ಲ ಅವರದ್ದು. ಮಿತವಾಗಿ ಚಲಿಸ್ತಾರೆ, ಎದುರಿನವನ ಹೊಡೆತ ಗಾಳಿಗೆ ಹೋಗೋ ಹಾಗೆ ಅರ್ಧ ಹೆಜ್ಜೆ ಹಿಂದೆ ಸರೀತಾರೆ, ಅವನ ಕೈ ವಾಪಸ್ಸು ಹೋಗೋ ಮೊದಲೇ ಆ ಜಾಗಕ್ಕೆ ಹೊಡೀತಾರೆ. ಒಂದು ಹೊಡೆತವನ್ನೂ ವ್ಯರ್ಥ ಮಾಡದ ಮನುಷ್ಯ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಫಿಷಿಯೆನ್ಸಿ ಜಾಸ್ತಿ, ಸದ್ದು ಕಮ್ಮಿ.

2004ರಲ್ಲಿ ಇಂಡೋನೇಷ್ಯಾಕ್ಕೆ ಹೋಗಿ ಅಲ್ಲಿನ ಆಂಗ್ಕಿ ಆಂಗ್ಕೋಟಾ ಎದುರು ಸೋತರು. ಮೂವರು ತೀರ್ಪುಗಾರರಲ್ಲಿ ಒಬ್ಬರು ಇವರ ಪರ, ಇಬ್ಬರು ಆತನ ಪರ. ವೃತ್ತಿ ಆರಂಭಿಸಿ ವರ್ಷ ಒಂದೂವರೆ ಆಗುವಷ್ಟರಲ್ಲಿ ಬಂದ ಸೋಲು. ಎಷ್ಟೋ ಜನರ ಕಥೆ ಇಲ್ಲಿಗೇ ಮುಗಿಯುತ್ತೆ, ಇವರ ಕಥೆ ಇಲ್ಲಿಂದ ಶುರುವಾಯಿತು.

ಮೊದಲ ಬೆಲ್ಟ್

2007ರ ಸೆಪ್ಟೆಂಬರ್ 30. ಸೆಬು ನಗರ. ಖಾಲಿ ಇದ್ದ ಡಬ್ಲ್ಯೂಬಿಒ ಮಿನಿಮಮ್‌ವೇಟ್ ಪಟ್ಟಕ್ಕಾಗಿ ಥಾಯ್ಲೆಂಡ್‌ನ ಪೋರ್ನ್‌ಸವಾನ್ ಪೋರ್‌ಪ್ರಮುಕ್ ಎದುರು. ಹನ್ನೆರಡು ಸುತ್ತು ಮುಗಿದಾಗ ಮೂವರೂ ತೀರ್ಪುಗಾರರು ನಿಯೆಟೆಸ್ ಗೆದ್ದರು ಅಂದರು. ನೆಲ ಒರೆಸುತ್ತಿದ್ದ ಹುಡುಗ 25ನೇ ವಯಸ್ಸಿಗೆ ವಿಶ್ವ ಚಾಂಪಿಯನ್.

ಇಲ್ಲೊಂದು ವಿವರಣೆ ಬೇಕು. ಬಾಕ್ಸಿಂಗ್‌ನಲ್ಲಿ ವಿಶ್ವ ಪಟ್ಟ ಕೊಡುವ ದೊಡ್ಡ ಸಂಸ್ಥೆಗಳು ನಾಲ್ಕು: ಡಬ್ಲ್ಯೂಬಿಎ, ಡಬ್ಲ್ಯೂಬಿಸಿ, ಐಬಿಎಫ್ ಮತ್ತು ಡಬ್ಲ್ಯೂಬಿಒ. ಒಂದೇ ಬ್ರಾಂಚಿಗೆ ನಾಲ್ಕು ಯೂನಿವರ್ಸಿಟಿ, ನಾಲ್ಕು ಗೋಲ್ಡ್ ಮೆಡಲ್ ಇದ್ದ ಹಾಗೆ. ಹಾಗಾಗಿ ಒಂದೇ ತೂಕಕ್ಕೆ ಒಂದೇ ಕಾಲದಲ್ಲಿ ನಾಲ್ವರು 'ವಿಶ್ವ ಚಾಂಪಿಯನ್'ಗಳು ಇರಬಹುದು. ಅವರಲ್ಲಿ ನಿಜವಾಗಿ ದೊಡ್ಡವರು ಯಾರು ಅನ್ನೋದು ಅವರವರೇ ಎದುರುಬದುರಾದರೆ ಮಾತ್ರ ಗೊತ್ತಾಗೋದು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರ್ತೀವಿ.

ಚಾಂಪಿಯನ್ ಆದವರು ತಮ್ಮ ಊರಲ್ಲೇ, ತಮ್ಮ ಜನದ ಮುಂದೆ ಆಡಿ ಪಟ್ಟ ಉಳಿಸಿಕೊಳ್ಳೋದು ಸುಲಭದ ದಾರಿ. ನಿಯೆಟೆಸ್ 2009, 2010ರಲ್ಲಿ ಮತ್ತೆ ಮತ್ತೆ ಮೆಕ್ಸಿಕೋಗೆ ಹೋಗಿ, ಅಲ್ಲಿನ ಬಾಕ್ಸರ್‌ಗಳನ್ನು ಅಲ್ಲಿನ ಜನರ ಮುಂದೆಯೇ ಸೋಲಿಸಿ ಬೆಲ್ಟ್ ವಾಪಸ್ ತಂದರು. ಬಾಕ್ಸಿಂಗ್‌ನಲ್ಲಿ ಹೊರಗಿನವನಾಗಿ ಹೋಗೋದರ ಕಷ್ಟ ತಿಳಿಯಬೇಕಾದರೆ ಅಂಕ ಹಾಕೋ ರೀತಿ ತಿಳಿದಿರಬೇಕು. ಪ್ರತಿ ಸುತ್ತಿಗೂ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ರಿಂಗಿನ ಪಕ್ಕ ಕೂತ ಮೂವರು ತಮ್ಮ ತಮ್ಮ ಕಣ್ಣಿಗೆ ಕಂಡಂತೆ ಹಾಕುತ್ತಾರೆ. ಜನ ಕೂಗಿದ ಕಡೆಗೆ ಕಣ್ಣು ವಾಲೋದು ಮನುಷ್ಯ ಸಹಜ. ರೀವ್ಯಾಲ್ಯುಯೇಷನ್‌ಗೆ ಅರ್ಜಿ ಹಾಕೋಕೆ ಇಲ್ಲಿ ಆಗಲ್ಲ.

ಮೆಟ್ಟಿಲು ಹತ್ತುತ್ತಾ

2011ರ ಅಕ್ಟೋಬರ್ 8ರಂದು, ಹುಟ್ಟೂರಿನ ಹತ್ತಿರದ ಬಕೋಲೋಡ್‌ನಲ್ಲಿ, ಮೆಕ್ಸಿಕೋದ ರಮೋನ್ ಗಾರ್ಸಿಯಾ ಹಿರಾಲೆಸ್ ಅವರನ್ನು ಸೋಲಿಸಿ 108 ಪೌಂಡ್‌ನ ಡಬ್ಲ್ಯೂಬಿಒ ಪಟ್ಟ ಗೆದ್ದರು. ಎರಡನೇ ಮೆಟ್ಟಿಲು.

2013ರ ಮಾರ್ಚ್‌ನಲ್ಲಿ ಎದುರಾದವರು ಮೆಕ್ಸಿಕೋದ ಮೊಯಿಸೆಸ್ ಫುಯೆಂಟೆಸ್. ನಿಯೆಟೆಸ್ ಬಿಟ್ಟುಬಂದ 105 ಪೌಂಡ್ ವಿಭಾಗದಲ್ಲಿ ಆಮೇಲೆ ಚಾಂಪಿಯನ್ ಆಗಿದ್ದವರು, ಎತ್ತರದ ಆಳು. ಪಂದ್ಯ ಡ್ರಾ ಆಯಿತು. ಚಾಂಪಿಯನ್ ಸೋಲದಿದ್ದರೆ ಪಟ್ಟ ಅವರದ್ದೇ, ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ. 2014ರ ಮೇ ತಿಂಗಳಲ್ಲಿ ಅದೇ ಫುಯೆಂಟೆಸ್ ಜೊತೆ ಮತ್ತೆ ರಿಂಗಿಗಿಳಿದು ಒಂಬತ್ತನೇ ಸುತ್ತಿನಲ್ಲಿ ಪಂದ್ಯ ಮುಗಿಸಿದರು. ಮೊದಲ ಸಲ ಬಿಡಿಸಲಾಗದ ಲೆಕ್ಕವನ್ನು ಪಕ್ಕಕ್ಕಿಡದೆ ಹದಿನಾಲ್ಕು ತಿಂಗಳಾದ ಮೇಲೆ ಬಿಡಿಸಿದ ಹಾಗೆ. ಅವರ ಇಡೀ ವೃತ್ತಿಯಲ್ಲಿ ನಮಗೆ ತುಂಬಾ ಇಷ್ಟವಾದ ಪಂದ್ಯ ಇದು.

ಅದೇ 2014 ಮುಗಿಯುವ ಹೊತ್ತಿಗೆ ಇನ್ನೊಂದು ದಾಖಲೆ ಬಂತು. ಫಿಲಿಪ್ಪೀನ್ಸ್‌ನಲ್ಲಿ ಗೇಬ್ರಿಯಲ್ 'ಫ್ಲ್ಯಾಶ್' ಎಲೋರ್ಡೆ ಅಂದರೆ ದಂತಕಥೆ. 1960ರ ಮಾರ್ಚ್‌ನಿಂದ 1967ರ ಜೂನ್‌ವರೆಗೆ ಏಳು ವರ್ಷ ಮೂರು ತಿಂಗಳು ಜೂನಿಯರ್ ಲೈಟ್‌ವೇಟ್ ಚಾಂಪಿಯನ್ ಆಗಿದ್ದವರು. ಅಷ್ಟು ಕಾಲ ಚಾಂಪಿಯನ್ ಆಗಿದ್ದ ಫಿಲಿಪಿನೋ ಬೇರೆ ಯಾರೂ ಇರಲಿಲ್ಲ, ಪ್ಯಾಕಿಯಾವ್ ಕೂಡ ಇಲ್ಲ. ನಿಯೆಟೆಸ್ ತಮ್ಮ ಎರಡು ತೂಕಗಳ ಲೆಕ್ಕ ಸೇರಿಸಿ ಆ ಅವಧಿಯನ್ನು ದಾಟಿದರು.

ಬೆಳಕು ಬಿದ್ದ ಸ್ವಲ್ಪ ಕಾಲ

ಅಮೆರಿಕದಲ್ಲಿ ನಿಯೆಟೆಸ್ ಮೊದಲ ಪಂದ್ಯ ಆಡಿದ್ದು 2015ರ ಅಕ್ಟೋಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿ. ಚಾಂಪಿಯನ್ ಆಗಿ ಆಗಲೇ ಎಂಟು ವರ್ಷ, ವಯಸ್ಸು 33. ಬಾಕ್ಸಿಂಗ್‌ನಲ್ಲಿ, ಅದರಲ್ಲೂ ವೇಗವೇ ಬಂಡವಾಳವಾದ ಚಿಕ್ಕ ತೂಕಗಳಲ್ಲಿ, ಮೂವತ್ತು ದಾಟಿದರೆ ಇಳಿಗಾಲ ಅನ್ನೋ ಮಾತಿದೆ.

ಇಳಿಗಾಲದಲ್ಲಿ ಇವರು ಹತ್ತುತ್ತಲೇ ಇದ್ದರು. 2017ರ ಏಪ್ರಿಲ್‌ನಲ್ಲಿ ಥಾಯ್ಲೆಂಡ್‌ನ ಕೊಮ್ಗ್ರಿಚ್ ನಂತಪೆಚ್ ಅವರನ್ನು ಸೆಬುವಿನಲ್ಲಿ ಸೋಲಿಸಿ ಐಬಿಎಫ್ ಫ್ಲೈವೇಟ್ ಪಟ್ಟ ಗೆದ್ದರು. ಮೂರನೇ ಮೆಟ್ಟಿಲು. ನೀಗ್ರೋಸ್‌ನ ಪಾಂಚೊ ವಿಲ್ಲಾ ಗೆದ್ದ ತೂಕವೇ ಇದು, 94 ವರ್ಷದ ನಂತರ.

ಅದೇ ವರ್ಷ ಅಮೆರಿಕದಲ್ಲಿ 'ಸೂಪರ್‌ಫ್ಲೈ' ಅನ್ನೋ ಸರಣಿ ಶುರುವಾಗಿತ್ತು. ಚಿಕ್ಕ ತೂಕದವರನ್ನೇ ಮುಖ್ಯ ಪಂದ್ಯಗಳಿಗೆ ಹಾಕಿ ಎಚ್‌ಬಿಒ ಚಾನೆಲ್‌ನಲ್ಲಿ ತೋರಿಸಿದ ಸರಣಿ. 2018ರ ಫೆಬ್ರವರಿಯಲ್ಲಿ ಅದರ ಎರಡನೇ ಕಂತಿನಲ್ಲಿ ನಿಯೆಟೆಸ್ ಅರ್ಜೆಂಟೀನಾದ ಮಾಜಿ ಚಾಂಪಿಯನ್ ಹುವಾನ್ ಕಾರ್ಲೋಸ್ ರೆವೆಕೊ ಅವರನ್ನು ಏಳನೇ ಸುತ್ತಿನಲ್ಲಿ ಮುಗಿಸಿದರು. ಸೆಪ್ಟೆಂಬರ್‌ನ ಮೂರನೇ ಕಂತಿನಲ್ಲಿ, ಖಾಲಿ ಇದ್ದ 115 ಪೌಂಡ್ ಡಬ್ಲ್ಯೂಬಿಒ ಪಟ್ಟಕ್ಕೆ ಇನ್ನೊಬ್ಬ ಫಿಲಿಪಿನೋ ಆಸ್ಟನ್ ಪಾಲಿಕ್ಟೆ ಎದುರಾದರು. ಪಾಲಿಕ್ಟೆ ದೊಡ್ಡ ದೇಹ, ಹೆಚ್ಚು ಹೊಡೆತ ಎಸೆದರು. ನಿಯೆಟೆಸ್ ಕಮ್ಮಿ ಎಸೆದು ಹೆಚ್ಚು ತಾಗಿಸಿದರು. ಒಬ್ಬ ತೀರ್ಪುಗಾರ ನಿಯೆಟೆಸ್ ಗೆದ್ದರು ಅಂದರು, ಇನ್ನೊಬ್ಬರು ಪಾಲಿಕ್ಟೆ ಗೆದ್ದರು ಅಂದರು, ಮೂರನೆಯವರು ಸಮ ಅಂದರು! ಪಂದ್ಯ ಡ್ರಾ, ಪಟ್ಟ ಖಾಲಿಯಾಗಿಯೇ ಉಳಿಯಿತು. ಒಂದೇ ಉತ್ತರಪತ್ರಿಕೆಗೆ ಮೂರು ಥರ ಮಾರ್ಕ್ಸ್ ಬೀಳೋದು ನಮಗೆ ಮಾತ್ರ ಅಲ್ಲ.

ಆ ವರ್ಷದ ಕೊನೆಯ ದಿನ, 2018ರ ಡಿಸೆಂಬರ್ 31, ಮಕಾವ್. ಅದೇ ಪಟ್ಟ, ಈ ಸಲ ಎದುರಾಳಿ ಜಪಾನಿನ ಕಜುಟೊ ಇಯೋಕಾ. ಮೂರು ತೂಕಗಳಲ್ಲಿ ಚಾಂಪಿಯನ್ ಆಗಿದ್ದ ಇಯೋಕಾ ಆ ರಾತ್ರಿ ಗೆದ್ದಿದ್ದರೆ ನಾಲ್ಕು ತೂಕ ಗೆದ್ದ ಮೊದಲ ಜಪಾನೀ ಪುರುಷ ಆಗುತ್ತಿದ್ದರು. ನಿಯೆಟೆಸ್‌ಗೂ ಅದು ನಾಲ್ಕನೆಯದು. ಇಬ್ಬರದ್ದೂ ಲೆಕ್ಕ ಹಾಕಿ ಆಡುವ ಆಟ, ಎದುರಾಳಿ ತಪ್ಪಲಿ ಅಂತ ಕಾಯುವ ತಾಳ್ಮೆ. ಮತ್ತೆ ಮೂವರಲ್ಲಿ ಭಿನ್ನಮತ, ಆದರೆ ಈ ಬಾರಿ ಇಬ್ಬರು ನಿಯೆಟೆಸ್ ಕಡೆ. 36ನೇ ವಯಸ್ಸಿನಲ್ಲಿ ನಾಲ್ಕನೇ ಮೆಟ್ಟಿಲು.

ಈ ಹೊತ್ತಿಗೆ ಎಚ್‌ಬಿಒ ಬಾಕ್ಸಿಂಗ್ ತೋರಿಸುವುದನ್ನೇ ನಿಲ್ಲಿಸಿ ಮೂರು ವಾರ ಆಗಿತ್ತು. 1973ರಿಂದ ನಡೆದಿದ್ದ ಅದರ ಬಾಕ್ಸಿಂಗ್ ಪ್ರಸಾರ 2018ರ ಡಿಸೆಂಬರ್ 8ಕ್ಕೆ ಮುಗಿಯಿತು. ಚಿಕ್ಕವರಿಗೆ ಆ ವೇದಿಕೆ ಸಿಕ್ಕಿದ್ದು ಅದರ ದೀಪ ಆರುವ ಹೊತ್ತಿಗೆ.

ಇಳಿದು ಬಂದ ದಾರಿ

ಗೆದ್ದ ಪಟ್ಟವನ್ನು ನಿಯೆಟೆಸ್ ಬಹಳ ದಿನ ಇಟ್ಟುಕೊಳ್ಳಲಿಲ್ಲ. ಪಾಲಿಕ್ಟೆ ಜೊತೆ ಮತ್ತೆ ಆಡಬೇಕು ಅಂತ ಡಬ್ಲ್ಯೂಬಿಒ ಆದೇಶಿಸಿದಾಗ 2019ರಲ್ಲಿ ಅದನ್ನು ಬಿಟ್ಟುಕೊಟ್ಟರು. ಆ ಖಾಲಿ ಪಟ್ಟಕ್ಕೆ ಜೂನ್‌ನಲ್ಲಿ ಪಾಲಿಕ್ಟೆಯನ್ನು ಸೋಲಿಸಿ ಇಯೋಕಾ ಗೆದ್ದರು, ನಾಲ್ಕು ತೂಕಗಳ ತಮ್ಮ ಕನಸನ್ನೂ ಪೂರೈಸಿಕೊಂಡರು. ನಿಯೆಟೆಸ್ ದೊಡ್ಡ ಪಂದ್ಯಕ್ಕಾಗಿ ಕಾದರು. ಪಂದ್ಯ ಬರಲಿಲ್ಲ, ಕೋವಿಡ್ ಬಂತು.

2020ರಲ್ಲಿ ಫಿಲಿಪ್ಪೀನ್ಸ್‌ನ ದೊಡ್ಡ ಟಿವಿ ಸಂಸ್ಥೆ ಎಬಿಎಸ್-ಸಿಬಿಎನ್‌ಗೆ ಪ್ರಸಾರದ ಪರವಾನಗಿ ಮುಂದುವರಿಯಲಿಲ್ಲ. ಎಎಲ್‌ಎ ಜಿಮ್‌ನವರ ಪಂದ್ಯಗಳನ್ನು ತೋರಿಸುತ್ತಿದ್ದುದು ಅದೇ ಚಾನೆಲ್. ಒಂದು ಕಡೆ ಕೋವಿಡ್, ಇನ್ನೊಂದು ಕಡೆ ಟಿವಿ ಇಲ್ಲ. ಅದೇ ಆಗಸ್ಟ್‌ನಲ್ಲಿ ಎಎಲ್‌ಎ ಬಾಗಿಲು ಮುಚ್ಚಿತು. ನಿಯೆಟೆಸ್ ಪೊರಕೆ ಹಿಡಿದು ಒಳಗೆ ಹೋಗಿದ್ದ ಬಾಗಿಲು ಅದು.

ಹೆಚ್ಚುಕಮ್ಮಿ ಎರಡೂಕಾಲು ವರ್ಷದ ನಂತರ, 2021ರ ಏಪ್ರಿಲ್‌ನಲ್ಲಿ ದುಬೈನಲ್ಲಿ ಮತ್ತೆ ರಿಂಗಿಗೆ ಬಂದು ಗೆದ್ದರು. ಡಿಸೆಂಬರ್‌ನಲ್ಲಿ ಅಲ್ಲೇ ಒಂದು ಡ್ರಾ. 2022ರ ಜುಲೈ 13ರಂದು ಟೋಕಿಯೊದಲ್ಲಿ ಇಯೋಕಾ ಜೊತೆ ಎರಡನೇ ಸಲ. ನಿಯೆಟೆಸ್‌ಗೆ 40 ದಾಟಿತ್ತು. ಮೂವರು ತೀರ್ಪುಗಾರರೂ ಇಯೋಕಾ ಅಂದರು, ಈ ಸಲ ಅನುಮಾನಕ್ಕೆ ಜಾಗ ಇರಲಿಲ್ಲ. 2004ರ ನಂತರದ ಮೊದಲ ಸೋಲು. ಆ ರಾತ್ರಿಯ ಕೊನೆಗೆ ಲೆಕ್ಕ ಹೀಗಿತ್ತು: 51 ಪಂದ್ಯ, 43 ಗೆಲುವು, 6 ಡ್ರಾ, 2 ಸೋಲು. ಗೆಲುವುಗಳಲ್ಲಿ 23 ನಾಕೌಟ್, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹುಲ್ಲುಕಡ್ಡಿ ತೂಕದಲ್ಲಿ ಶುರು ಮಾಡಿದವರಿಗೆ ಅದೇನು ಸಣ್ಣದಲ್ಲ.

ಹಾಗಾದ್ರೆ ದೊಡ್ಡವರೇ?

ಈಗ ಆಗಲೇ ಬಿಟ್ಟ ಮಾತಿಗೆ ಬರೋಣ. ನಿಯೆಟೆಸ್ ಬಗ್ಗೆ ಒಂದು ಆಕ್ಷೇಪ ಇದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಅವರ ಕಾಲದ ಚಿಕ್ಕ ತೂಕಗಳ ಅತಿ ದೊಡ್ಡ ಹೆಸರು ನಿಕರಾಗುವಾದ ರೋಮನ್ 'ಚೊಕೊಲಟಿಟೊ' ಗೊಂಜಾಲೆಜ್. ಈ ಇಬ್ಬರೂ ಒಂದೇ ಕಾಲದಲ್ಲಿ 105 ಪೌಂಡ್‌ನಲ್ಲಿ ಚಾಂಪಿಯನ್ ಆಗಿದ್ದರು, ಆಮೇಲೆ ಒಂದೇ ಕಾಲದಲ್ಲಿ 108ರಲ್ಲೂ ಆಗಿದ್ದರು. ಬೆಲ್ಟ್ ಕೊಟ್ಟ ಸಂಸ್ಥೆ ಮಾತ್ರ ಬೇರೆ ಬೇರೆ. ಒಮ್ಮೆಯೂ ಎದುರಾಗಲಿಲ್ಲ. ಮೆಕ್ಸಿಕೋದ ಹುವಾನ್ ಫ್ರಾನ್ಸಿಸ್ಕೊ ಎಸ್ಟ್ರಾಡಾ ಜೊತೆಗೂ ಆಡಲಿಲ್ಲ. ದೊಡ್ಡವರನ್ನು ಎದುರಿಸದೆ ಉಳಿದ ದಾಖಲೆ ಅಂತ ಕೆಲವರು ಅನ್ನೋದು ಇದಕ್ಕೇ.

ಆ ಮಾತಿನಲ್ಲಿ ಸತ್ಯ ಇದೆ. ಆದರೆ ಬಾಕ್ಸಿಂಗ್‌ನಲ್ಲಿ ಯಾರು ಯಾರ ಜೊತೆ ಆಡಬೇಕು ಅನ್ನೋದನ್ನು ಲೀಗ್ ಟೇಬಲ್ ತೀರ್ಮಾನಿಸಲ್ಲ. ಟಿವಿ, ಪ್ರಮೋಟರ್, ಹಣ ತೀರ್ಮಾನಿಸುತ್ತವೆ. ಸೆಬುವಿನಲ್ಲಿ ಕೂತ ಒಬ್ಬ 49 ಕಿಲೋ ಚಾಂಪಿಯನ್ನನ್ನೂ ನಿಕರಾಗುವಾದ ಇನ್ನೊಬ್ಬ 49 ಕಿಲೋ ಚಾಂಪಿಯನ್ನನ್ನೂ ಒಂದೇ ರಿಂಗಿಗೆ ತರೋಕೆ ಬೇಕಾದಷ್ಟು ಹಣ ಆ ತೂಕದಲ್ಲಿ ಆಗ ಓಡಾಡುತ್ತಿರಲಿಲ್ಲ. ತೂಕ ಕಮ್ಮಿಯಾದ್ದಕ್ಕೆ ಅವರು ತೆತ್ತ ನಿಜವಾದ ಬೆಲೆ ಇದು. ಸಂಬಳ ಕಮ್ಮಿ ಸಿಕ್ಕಿದ್ದಲ್ಲ, ತಾನು ಎಷ್ಟು ದೊಡ್ಡವನು ಅಂತ ತೋರಿಸುವ ಪರೀಕ್ಷೆಯೇ ಸಿಗಲಿಲ್ಲ.

ಸಿಕ್ಕ ಪರೀಕ್ಷೆಗಳನ್ನೆಲ್ಲ ಅವರು ಬರೆದರು. ಹೊರ ದೇಶದಲ್ಲಿ ಬರೆದರು, ಡ್ರಾ ಆದದ್ದನ್ನು ಮತ್ತೆ ಬರೆದರು, ಬೇರೆಯವರು ಮನೆಗೆ ಹೋಗುವ ವಯಸ್ಸಿನಲ್ಲಿ ಮೇಲಿನ ತೂಕಕ್ಕೆ ಹೋಗಿ ಬರೆದರು. ನಮ್ಮಲ್ಲೂ ಪ್ಲೇಸ್‌ಮೆಂಟ್ ಸೀಸನ್ ಬಂದಾಗ ಯಾವ ಬ್ರಾಂಚ್, ಯಾವ ಕಾಲೇಜು ಅನ್ನೋದರ ಮೇಲೆ ಯಾವ ಕಂಪನಿಯ ಬಾಗಿಲು ತೆರೆಯುತ್ತೆ ಅಂತ ತೀರ್ಮಾನ ಆಗಿಬಿಡುತ್ತೆ. ಬಾಗಿಲು ನಮ್ಮ ಕೈಯಲ್ಲಿಲ್ಲ. ಅದು ನ್ಯಾಯ ಅಂತ ನಾವು ಹೇಳ್ತಿಲ್ಲ, ನಿಯೆಟೆಸ್ ವಿಷಯದಲ್ಲೂ ಅದು ನ್ಯಾಯ ಆಗಿರಲಿಲ್ಲ. ಆದರೆ ಯಾರೂ ನೋಡದ ವರ್ಷಗಳಲ್ಲಿ ಕಲಿತ ಅರ್ಧ ಹೆಜ್ಜೆಯೇ 36ನೇ ವಯಸ್ಸಿನಲ್ಲಿ ಮಕಾವ್‌ನಲ್ಲಿ ಅವರನ್ನು ಕಾಪಾಡಿದ್ದು.

ಇನ್ನೊಂದು ಸಂಗತಿ ಹೇಳಿ ಮುಗಿಸ್ತೀವಿ. 2023ರ ಜನವರಿ 6ರಂದು ಜಪಾನಿನ ಒಸಾಕಾದಲ್ಲಿ ಮೆಲ್ವಿನ್ ಜೆರುಸಲೆಮ್ ಎಂಬ ಫಿಲಿಪಿನೋ, ಅಲ್ಲಿನ ಚಾಂಪಿಯನ್ನನ್ನು ಎರಡನೇ ಸುತ್ತಿನಲ್ಲೇ ಕೆಡವಿ ಡಬ್ಲ್ಯೂಬಿಒ ಮಿನಿಮಮ್‌ವೇಟ್ ಪಟ್ಟ ಗೆದ್ದರು. 2007ರಲ್ಲಿ ನಿಯೆಟೆಸ್ ಗೆದ್ದಿದ್ದ ಅದೇ ಪಟ್ಟ. ಜೆರುಸಲೆಮ್ ಕೂಡ ಎಎಲ್‌ಎ ಜಿಮ್‌ನಲ್ಲಿ ಬೆಳೆದ ಹುಡುಗ. ಜಿಮ್ ಮುಚ್ಚಿ ಆಗಲೇ ಎರಡು ವರ್ಷ ದಾಟಿತ್ತು.